ಮಂಡ್ಯದ ಮಣ್ಣಿನಲ್ಲಿ 14 ನಿಮಿಷ

ನಾನು ಕಬಡ್ಡಿಯವನು. ಪಾಂಡವಪುರ ತಾಲ್ಲೂಕಿನ ನಮ್ಮೂರ ಹಬ್ಬದ ಟೂರ್ನಮೆಂಟುಗಳಲ್ಲಿ ಎಡ ಕಾರ್ನರ್ ನಿಂತು ಬೆಳೆದವನು. ರೈಡರ್ ಬೋನಸ್ಸಿಗೆ ಅಂತ ಕಾಲು ಚಾಚಿದ ಕೂಡಲೇ ಕಣಕಾಲಿಗೆ ಬೀಳೋದು ನನ್ನ ಕೆಲಸ. ಆಮೇಲೆ ಮೈಸೂರಿಗೆ ಬಂದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ಮದುವೆ, ಮಗಳು. ಆಟ ಬಿಟ್ಟು ಆರು ವರ್ಷವಾಗಿತ್ತು.

ಒಂದು ದಿನ ನೈಟ್ ಶಿಫ್ಟ್ ಮುಗಿಸಿ ಬರುವಾಗ ಕಾಲೇಜು ಮೈದಾನದಲ್ಲಿ ಏಳೆಂಟು ಜನ ಒಂದು ಗೋಣಿಚೀಲವನ್ನು ಓಡಿ ಬಂದು ತಬ್ಬಿ ಬೀಳುತ್ತಿದ್ದರು. ಗಾಡಿ ನಿಲ್ಲಿಸಿ ನೋಡಿದೆ. ಕೋಚ್ ಹತ್ತಿರ ಬಂದು, "ಕಬಡ್ಡಿ ಆಡಿದೀರಾ? ನಿಂತಿರೋ ಥರ ನೋಡಿದ್ರೇ ಗೊತ್ತಾಗುತ್ತೆ" ಅಂದರು. ಹೌದು ಸಾರ್ ಅಂದೆ. "ಹಂಗಾದ್ರೆ ನಾಳೆ ಆರಕ್ಕೆ ರಗ್ಬಿಗೆ ಬನ್ನಿ. ಅರ್ಧ ಕೆಲಸ ನಿಮಗೆ ಬರುತ್ತೆ. ಇನ್ನರ್ಧ ಮರೀಬೇಕು."

ಮರೆಯೋದೇ ಕಷ್ಟ ಅಂತ ಆಗ ನನಗೆ ಗೊತ್ತಿರಲಿಲ್ಲ.

ನಾವು ಆಡೋದು ಸೆವೆನ್ಸ್ ರಗ್ಬಿ. ತಂಡಕ್ಕೆ 7 ಜನ, 7 ನಿಮಿಷದ ಎರಡು ಅರ್ಧ, ನಡುವೆ 2 ನಿಮಿಷ ಬಿಡುವು. ಮೈದಾನ ಮಾತ್ರ 15 ಜನರ ಆಟದಷ್ಟೇ ದೊಡ್ಡದು, ಹಾಗಾಗಿ 14 ನಿಮಿಷದಲ್ಲಿ ಜೀವ ಬಾಯಿಗೆ ಬರುತ್ತದೆ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದು ಹಾಯಿಸಿದರೆ ಇನ್ನೆರಡು, ಅದಕ್ಕೆ ಕನ್ವರ್ಶನ್ ಅಂತಾರೆ. ಕೈಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಕೈಜಾರಿ ಮುಂದೆ ಬಿದ್ದರೂ ನಾಕ್ ಆನ್, ಸ್ಕ್ರಮ್ ಎದುರಾಳಿಗೆ. ಸ್ಕ್ರಮ್ ಅಂದರೆ ಎರಡೂ ಕಡೆಯವರು ತಬ್ಬಿ ಬಾಗಿ ತಳ್ಳಾಡುತ್ತಾ ಆಟ ಮತ್ತೆ ಶುರು ಮಾಡೋದು. ಇನ್ನು ಚೆಂಡು ಹಿಡಿದವನನ್ನು ಕೆಡವಿದರೆ ಅವನು ಅದನ್ನು ತಕ್ಷಣ ಬಿಡಬೇಕು. ತಬ್ಬಿಕೊಂಡು ಮಲಗಿದರೆ ಪೆನಾಲ್ಟಿ.

ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಹೋಗಿ ಒಬ್ಬನೇ ಬರುತ್ತಾನೆ. ಇಲ್ಲಿ ಒಬ್ಬನೇ ಹೋದವನು ಕೆಟ್ಟ. ಬೀಳೋದು ಖಂಡಿತ, ಬಿದ್ದಾಗ ಚೆಂಡು ಬಿಡೋದೂ ಖಂಡಿತ. ಆ ಬಿಟ್ಟ ಚೆಂಡಿಗೆ ಹಿಂದಿನಿಂದ ನಮ್ಮವರು ಬರುತ್ತಾರಾ, ಅವರು ಬರುತ್ತಾರಾ ಅನ್ನೋದೇ ಆಟ.

ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ತಬ್ಬಿ ಕೆಡವೋದು, ಕಲಿಯೋಕೆ ನನಗೆ ಎರಡು ತಿಂಗಳು ಹಿಡಿಯಿತು. ಕಬಡ್ಡಿಯಲ್ಲಿ ನನ್ನ ಕಣ್ಣು ಕೆಳಗೆ, ರೈಡರನ ಪಾದದ ಮೇಲೆ. ತಲೆ ಎಲ್ಲಿ ಹೋಗುತ್ತೆ ಅಂತ ಯಾವತ್ತೂ ಯೋಚಿಸಿದವನಲ್ಲ. ರಗ್ಬಿಯಲ್ಲಿ ಮೊದಲು ಕೇಳೋದೇ ತಲೆ. ಓಡಿ ಬರುವವನನ್ನು ಪಕ್ಕದಿಂದ ಹಿಡಿಯುವಾಗ ಭುಜ ಅವನ ತೊಡೆಗೆ ತಾಕಬೇಕು, ಕೈ ಎರಡೂ ಸುತ್ತಬೇಕು, ನಮ್ಮ ಕೆನ್ನೆ ಅವನ ಹಿಂಭಾಗಕ್ಕೆ ಒತ್ತಿಕೊಂಡಿರಬೇಕು. ಅಂದರೆ ತಲೆ ಅವನ ಬೆನ್ನ ಕಡೆ. ಮುಂದೆ ಹೋಯಿತೋ, ಅವನ ಸೊಂಟವೋ ಮಂಡಿಯೋ ನೇರ ತಲೆಗೆ. ಗಲ್ಲ ಮೇಲಿರಬೇಕು, ಕಣ್ಣು ತೆರೆದಿರಬೇಕು. ನಿಯಮದ ಪ್ರಕಾರ ಭುಜದ ಗೆರೆಗಿಂತ ಮೇಲೆ ಹಿಡಿಯುವಂತಿಲ್ಲ. ನಮ್ಮ ಕೋಚ್ ಅದನ್ನೂ ಇಳಿಸಿ, "ಹೊಟ್ಟೆಗಿಂತ ಮೇಲೆ ಯಾರ ಕೈ ಹೋದ್ರೂ ಆವತ್ತು ಅವರು ಆಚೆ" ಅಂದಿದ್ದರು.

ಮೊದಲು ಮಂಡಿಯೂರಿ, ಆಮೇಲೆ ನಡೆಯುತ್ತಾ, ಆಮೇಲೆ ಓಡುತ್ತಾ. ದಿನಕ್ಕೆ ಒಂದೊಂದು ಭುಜಕ್ಕೆ ಇಪ್ಪತ್ತು. ಹಳೇ ಬಟ್ಟೆ, ತೆಂಗಿನ ನಾರು ತುಂಬಿದ ಆ ಗೋಣಿಚೀಲವನ್ನು ಒಬ್ಬ ಹಿಡಿದು ನಿಲ್ಲಬೇಕು. ನಿಂತವನು ಪ್ರತಿ ಸಲವೂ "ತಲೆ ಹಿಂದೆ" ಅಥವಾ "ತಲೆ ಮುಂದೆ" ಅಂತ ಹೇಳಬೇಕು. ನನ್ನ ಜೋಡಿ ನಮ್ಮ ತಂಡಕ್ಕೆಲ್ಲ ಚಿಕ್ಕವನು, 19 ವರ್ಷದ ಡಿಪ್ಲೊಮಾ ಹುಡುಗ. ಹೆಸರು ಬೇಡ, ನಾವೆಲ್ಲ ಅವನನ್ನು ಕರೆಯೋದೇ ಚಿಕ್ಕೋನು ಅಂತ. ಅವನಿಗೆ ಬಲಭುಜ ಚೆನ್ನಾಗಿ ಕೂತಿತ್ತು. ಎಡಭುಜದಲ್ಲಿ ಹೋದಾಗ ಐದಕ್ಕೆ ಒಂದು ಸಲ ತಲೆ ಮುಂದೆ ಜಾರುತ್ತಿತ್ತು. ಮ್ಯಾಚಿಗೆ ಮೊದಲಿನ ಗುರುವಾರ ಹಾಗೇ ಜಾರಿತು. ಅವನು ಎದ್ದು ನನ್ನ ಮುಖ ನೋಡಿದ. ಕ್ರಿಕೆಟ್‌ನವರು ಬಂದು ಸ್ಟಂಪು ನೆಡುತ್ತಾ ಕಾಯುತ್ತಿದ್ದರು, ನನಗೆ ಶಿಫ್ಟಿಗೆ ಹೊತ್ತಾಗಿತ್ತು. "ಪರವಾಗಿಲ್ಲ, ಸರಿ ಇದೆ" ಅಂದುಬಿಟ್ಟೆ.

ಆ ಒಂದು ಮಾತು ನನ್ನ ಕೊರಳಿಗೆ ಇನ್ನೂ ಸಿಕ್ಕಿಕೊಂಡಿದೆ.

ಕೂಗು ಕಲಿತದ್ದು ಇನ್ನೊಂದು ಕಥೆ. ಚೆಂಡು ಹಿಡಿದು ಮುಂದೆ ನುಗ್ಗುವವನಿಗೆ ಹಿಂದೆ ಯಾರಿದ್ದಾರೆ ಅಂತ ಕಾಣೋದಿಲ್ಲ, ಕಿವಿಯೇ ಗತಿ. ಶುರುವಿನಲ್ಲಿ ಎಲ್ಲರೂ "ಇದೀನಿ, ಇದೀನಿ" ಅಂತಿದ್ದೆವು. ಎಲ್ಲಿ ಇದ್ದೀಯ ಅಂತ ಗೊತ್ತಾಗೋದು ಹೇಗೆ? ಲೆಫ್ಟ್, ರೈಟ್ ಅಂದು ನೋಡಿದೆವು, ಉಸಿರು ಕಟ್ಟಿದಾಗ ಎರಡೂ ಒಂದೇ ಥರ ಕೇಳುತ್ತವೆ. ಕೊನೆಗೆ ನಿಂತದ್ದು ಹೀಗೆ: ಎಡಕ್ಕಿರುವವನು "ಎಡಾsss" ಅಂತ ಎಳೆಯಬೇಕು, ಬಲಕ್ಕಿರುವವನು "ಬಲ್!" ಅಂತ ಕಡಿಯಬೇಕು, ಬೆನ್ನ ಹಿಂದೆಯೇ ಇರುವವನು "ಬಂದೆ" ಅನ್ನಬೇಕು. ಚಿಕ್ಕೋನು ಯಾವಾಗಲೂ ನನ್ನ ಬಲಕ್ಕೆ. ಮೂರು ತಿಂಗಳಲ್ಲಿ ಆ "ಬಲ್" ಕಿವಿಗೆ ಎಷ್ಟು ಒಗ್ಗಿತ್ತು ಅಂದರೆ, ತಿರುಗದೆ ಎಸೆಯುತ್ತಿದ್ದೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಮಂಡ್ಯದವರ ಜೊತೆ ಮ್ಯಾಚು. ಹಿಂದಿನ ಎರಡು ಮ್ಯಾಚೂ ಅವರೇ ಗೆದ್ದಿದ್ದರು. ಅವರಲ್ಲಿ ಹೆಚ್ಚಿನವರು ಕಬಡ್ಡಿ ಹುಡುಗರು, ಕಬ್ಬು ಕಡಿದು ಹೊತ್ತು ಬೆಳೆದ ಮೈ. ನಮ್ಮಲ್ಲಿ ಒಬ್ಬ ಗರಡಿ ಮನೆಯ ಪೈಲ್ವಾನ, ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಬ್ಬ ಆಟೋ ಓಡಿಸುವವರು, ಒಬ್ಬರು ಲೆಕ್ಚರರ್, ಹೀಗೆ ಮೈಸೂರಿನ ಕಲಬೆರಕೆ. ನನ್ನ ಸ್ಥಿತಿ ಬೇರೆ. ಊರು ಮಂಡ್ಯ ಜಿಲ್ಲೆ, ಆಡೋದು ಮೈಸೂರಿಗೆ. ಹಿಂದಿನ ಸಲ ಅವರ ಕ್ಯಾಪ್ಟನ್ ನನ್ನ ಮಾತು ಕೇಳಿದವನೇ, "ಏನಣ್ಣೋ, ನಮ್ ಕಡೆಯೋನಾಗಿ ಅಲ್ಲೋಗಿ ಸೇರ್ಕಂಡಿದೀಯಲ್ಲಾ" ಅಂದಿದ್ದ. ನಕ್ಕಿದ್ದೆ, ಆದರೆ ಒಳಗೆ ಚುರುಕ್ ಅಂದಿತ್ತು.

ಹೆದ್ದಾರಿಯಲ್ಲಿ ಬೈಕು ಬಿಡೋದಿಲ್ಲ, ಸರ್ವೀಸ್ ರಸ್ತೆಯಲ್ಲಿ ಒಂಬತ್ತು ಜನ ಹೋಗೋದಕ್ಕಿಂತ ಬೆಳಗಿನ ರೈಲೇ ವಾಸಿ ಅಂತ ರೈಲು ಹಿಡಿದೆವು. ಒಂಬತ್ತೇ ಜನ, ಏಳು ಆಡಲು, ಇಬ್ಬರು ಬದಲಿ. ಬದಲಿಯಲ್ಲಿ ನಾನೊಬ್ಬ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಎಲ್ಲರೂ ಕೈಮುಗಿದರು, ಲೆಕ್ಚರರ್ ಸಾರ್ ಚಿಲ್ಲರೆ ಹುಡುಕಿ ನೀರಿಗೆ ಒಂದು ನಾಣ್ಯ ಹಾಕಿದರು. ಅದನ್ನು ನೋಡಿಯೇ ಕೋಚಿಗೆ ನೆನಪಾಯಿತು ಅನ್ನಿಸುತ್ತೆ, ಬೆಳ್ಳಿ ರೂಪಾಯಿಯ ಕಥೆ ಹೇಳಿದರು. ಕಲ್ಕತ್ತೆಯಲ್ಲಿ 1870ರ ದಶಕದಲ್ಲಿ ಬ್ರಿಟಿಷರ ರಗ್ಬಿ ಕ್ಲಬ್ ಒಂದಿತ್ತು. ಆಡುವವರು ಕಮ್ಮಿಯಾಗಿ ಅದು ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿದರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಅದನ್ನು 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಇಂಗ್ಲೆಂಡೂ ಸ್ಕಾಟ್ಲೆಂಡೂ 1879ರಿಂದ ಇವತ್ತಿಗೂ ಅದೇ ಕಲ್ಕತ್ತಾ ಕಪ್ಪಿಗೆ ಜಗ್ಗಾಡುತ್ತಾರೆ. "ಅಷ್ಟು ದೊಡ್ಡ ಜಿದ್ದಿನ ಕಪ್ಪು ನಮ್ಮ ರೂಪಾಯಿದು ಕಣ್ರೋ" ಅಂದರು. ಪೈಲ್ವಾನ ಸ್ವಲ್ಪ ಹೊತ್ತು ಯೋಚಿಸಿ, "ಹಾವಿನ ಹಿಡಿಕೆ ಅಂದ್ರೆ ಎತ್ತೋಕೆ ಚೆನ್ನಾಗಿರುತ್ತೆ ಸಾರ್" ಅಂದ.

ಮಂಡ್ಯದವರು ಮೈದಾನ ಸಿದ್ಧ ಮಾಡಿದ್ದ ಪರಿ ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಕೆಮ್ಮಣ್ಣಿನ ಕಾಲೇಜು ಮೈದಾನ. ಹಿಂದಿನ ರಾತ್ರಿ ಟ್ಯಾಂಕರಿನಲ್ಲಿ ನೀರು ಹೊಡೆಸಿ, ಬೆಳಿಗ್ಗೆ ಕಲ್ಲು ಆರಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಎಚ್ ಆಕಾರದ ಗೋಲು ಕಂಬಕ್ಕೆ ಸರ್ವೆ ಮರ. ಎರಡು ಕಂಬದ ನಡುವೆ 5.6 ಮೀಟರ್, ಅಡ್ಡ ಗಳು ನೆಲದಿಂದ 3 ಮೀಟರ್ ಎತ್ತರ. ಅಳತೆ ಟೇಪು ಹಿಡಿದು, ತೆಂಗಿನ ನಾರಿನ ಹಗ್ಗದಲ್ಲಿ ಅಡ್ಡ ಗಳು ಬಿಗಿಯುತ್ತಾ ಏಣಿ ಮೇಲಿದ್ದವನು ಅವರ ಕ್ಯಾಪ್ಟನ್ನೇ. ಕಂಬದ ಬುಡಕ್ಕೆ ಯಾರಾದರೂ ಗುದ್ದಿಕೊಂಡರೆ ಅಂತ ಹಳೇ ಹಾಸಿಗೆ ಸುತ್ತಿದ್ದರು. ಕಬ್ಬಿನ ಹಾಲು, ಎಳನೀರು ನೆರಳಲ್ಲಿ ರೆಡಿ.

ಮ್ಯಾಚು ಶುರುವಾದದ್ದು ಹತ್ತೂವರೆಗೆ. ನಾನು ಗೆರೆಯಾಚೆ ಕೂತಿದ್ದೆ. ಮೊದಲ ಅರ್ಧ ಅವರದೇ. ಎರಡು ಟ್ರೈ, ಒಂದಕ್ಕೆ ಕನ್ವರ್ಶನ್, 12. ನಮ್ಮ ಆಟೋ ಅಣ್ಣ ಪಕ್ಕದ ಗೆರೆ ಹಿಡಿದು ಓಡಿ ಒಂದು ಟ್ರೈ ಹೊಡೆದರು, 5. ಬಿಡುವಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೀನಖಂಡ ಹಿಡಿದುಕೊಂಡಿತು, ಒಂದು ಬದಲಿ ಖರ್ಚಾಯಿತು. ಉಳಿದವನು ನಾನೊಬ್ಬನೇ. ಎರಡನೇ ಅರ್ಧ ಶುರುವಾಗಿ ಎರಡು ನಿಮಿಷಕ್ಕೆ ನಮ್ಮದು ಕಂಬದ ಕೆಳಗೇ ಟ್ರೈ. ಲೆಕ್ಚರರ್ ಸಾರ್ ಒದ್ದರು. 12-12.

ಸೆವೆನ್ಸಿನಲ್ಲಿ ಅಂಕ ಹೊಡೆದವರೇ ಮತ್ತೆ ಚೆಂಡು ಒದ್ದು ಆಟ ಶುರು ಮಾಡಬೇಕು. ನಾವು ಒದ್ದೆವು, ಮಂಡ್ಯದವರು ಹಿಡಿದರು, ಅವರ ಎತ್ತರದ ಹುಡುಗನೊಬ್ಬ ಎಡಗಡೆ ಸಂದಿ ನೋಡಿ ನುಗ್ಗಿದ. ಚಿಕ್ಕೋನು ಅಡ್ಡ ಓಡಿ ಬಂದ. ನನಗೆ ಅವನ ಎಡಭುಜ ಕೆಳಗಾಗಿದ್ದು ಕಂಡಿತು. ತಲೆ ಮುಂದೆ ಹೋಗಿದ್ದು ಕಂಡಿತು. "ತಲೆ!" ಅಂತ ಕೂಗಿದೆನೋ ಇಲ್ಲವೋ, ಆ ಹುಡುಗನ ಸೊಂಟದ ಮೂಳೆ ಇವನ ಕಿವಿಯ ಮೇಲಕ್ಕೆ ಬಡಿಯಿತು. ಒಣ ತೆಂಗಿನಕಾಯಿ ಒಂದಕ್ಕೊಂದು ತಾಕಿದ ಸದ್ದು.

ಇಬ್ಬರೂ ಬಿದ್ದರು. ಚೆಂಡು ಅವರ ಕ್ಯಾಪ್ಟನ್ ಕೈಗೆ ಬಂತು. ಅವನ ಮುಂದೆ ಒಬ್ಬರೂ ಇಲ್ಲ, ಗೆರೆಗೆ ಮೂವತ್ತು ಹೆಜ್ಜೆ. ಅವನು ಓಡಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಎತ್ತಿ, "ರೆಫ್ರಿ ಸಾ, ನಿಲ್ಸಿ, ಹುಡ್ಗ ಏಳ್ತಾ ಇಲ್ಲ" ಅಂತ ಕೂಗಿದ.

ಚಿಕ್ಕೋನು ಎದ್ದ. ಎದ್ದು ಎರಡು ಹೆಜ್ಜೆ ಇಟ್ಟು, ಕುಡಿದವರ ಹಾಗೆ ವಾಲಿ, ಮಂಡಿಯೂರಿದ. ಕೋಚ್ ಮುಂದೆ ಕೂತು ನಿಧಾನವಾಗಿ ಕೇಳಿದರು. ಇದು ಯಾವ ಮೈದಾನ? ಇದು ಎಷ್ಟನೇ ಅರ್ಧ? ಕೊನೇ ಅಂಕ ಯಾರು ಹೊಡೆದಿದ್ದು? ಹಿಂದಿನ ಮ್ಯಾಚು ಯಾರ ಜೊತೆ, ಗೆದ್ವಾ? ತಲೆಗೆ ಪೆಟ್ಟಾದವರಿಗೆ ಮೈದಾನದಲ್ಲೇ ಕೇಳುವ ಪ್ರಶ್ನೆಗಳಿವು. ಒಂದು ತಪ್ಪಿದರೂ ಆಚೆ. ಚಿಕ್ಕೋನು ಮೊದಲನೆಯದಕ್ಕೇ, "ನಮ್ ಗ್ರೌಂಡೇ ಅಲ್ವಾ ಸಾರ್" ಅಂದ. ಅವನ ಬೆನ್ನ ಹಿಂದೆ ಮಂಡ್ಯದ ಸರ್ವೆ ಕಂಬಗಳು ನಿಂತಿದ್ದವು.

"ನಾನ್ ಆಡ್ತೀನಿ ಸಾರ್, ಏನೂ ಆಗಿಲ್ಲ" ಅಂತ ಎರಡು ಸಲ ಎದ್ದ. ಕೋಚ್ ಮಾತಾಡದೆ ಅವನ ಎಡಗಾಲಿನ ಶೂ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಂದು ಶೂನಲ್ಲಿ ಆಡೋಕೆ ಆಗೋದಿಲ್ಲ. ನಾನು ಅದನ್ನು ಪಕ್ಕದಲ್ಲಿ ಕಂಡ ಯಾವುದೋ ಬ್ಯಾಗಿಗೆ ತುರುಕಿ, ಮೌತ್‌ಗಾರ್ಡ್ ಕಚ್ಚಿ ಒಳಗೆ ಹೋದೆ. ಆ ಗಾರ್ಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕುದ್ದ ನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ, ಒಳಗಿಂದ ನಾಲಿಗೆಯಲ್ಲಿ ಹೊರಗಿಂದ ಬೆರಳಲ್ಲಿ ಒತ್ತಿ ಹಲ್ಲಿನ ಅಚ್ಚು ಮೂಡಿಸಿಕೊಳ್ಳಬೇಕು. ಚಿಕ್ಕೋನಿಗೂ ನಮ್ಮ ಅಡುಗೆಮನೆಯಲ್ಲೇ ಅಚ್ಚು ಮಾಡಿಕೊಟ್ಟಿದ್ದೆ, ನನ್ನ ಹೆಂಡತಿ "ಹಾಲಿನ ಪಾತ್ರೆ ಮುಟ್ಟಬೇಡಿ" ಅಂತ ಬೇರೆ ಪಾತ್ರೆ ಕೊಟ್ಟಿದ್ದಳು. ಅದು ಹಲ್ಲು ಕಾಯುತ್ತದೆ. ತಲೆಯೊಳಗಿನ ಮಿದುಳು ಅಲ್ಲಾಡೋದನ್ನು ತಡೆಯೋದಿಲ್ಲ. ಹೊಸಬರ ಅಪ್ಪ ಅಮ್ಮ ಕೇಳಿದಾಗಲೆಲ್ಲ ನಾನೀಗ ಇದನ್ನು ಬಿಡಿಸಿ ಹೇಳುತ್ತೇನೆ.

ಸ್ಕ್ರಮ್ ಅವರಿಗೆ ಸಿಕ್ಕಿತು. ನಮ್ಮ ಮನಸ್ಸು ಇನ್ನೂ ಗೆರೆಯಾಚೆ ಇತ್ತು, ಅವರು ಮೂಲೆಯಲ್ಲಿ ಟ್ರೈ ಹೊಡೆದರು. ಒದ್ದದ್ದು ತಪ್ಪಿತು. 17-12. ಈಗ ಅವರೇ ಒದೆಯಬೇಕು. ಒಂದು ನಿಮಿಷಕ್ಕಿಂತ ಕಮ್ಮಿ ಉಳಿದಿತ್ತು.

ಚೆಂಡು ಮೇಲಿಂದ ಇಳಿದು ನನ್ನ ಕೈಗೇ ಬಂತು. ಓಡಿದೆ. ಒಬ್ಬನನ್ನು ಕಬಡ್ಡಿಯ ಹೆಜ್ಜೆಯಲ್ಲಿ ತಪ್ಪಿಸಿದೆ. ಮುಂದೆ ಅವರ ಕ್ಯಾಪ್ಟನ್. ಕಿವಿ ತನ್ನಷ್ಟಕ್ಕೆ ಬಲಗಡೆ ಕಾದಿತ್ತು. "ಬಲ್" ಬರಲಿಲ್ಲ. ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ದೂ ಕಾದೆ. ಅಷ್ಟರಲ್ಲಿ ಅವನು ನನ್ನ ಕಣಕಾಲು ಹಿಡಿದ. ನಾನು ಹತ್ತು ವರ್ಷ ಊರಲ್ಲಿ ಹಿಡಿದ ಹಾಗೆಯೇ, ಎರಡೂ ಕೈ ಬೀಗ ಹಾಕಿ. ಧೊಪ್ಪನೆ ಬಿದ್ದೆ. ಬಾಯಿ ತುಂಬ ಮಣ್ಣು. ಚೆಂಡನ್ನು ಕೈ ಉದ್ದಕ್ಕೆ ಚಾಚಿ ನಮ್ಮ ಕಡೆಗೆ ಇಟ್ಟು ಬಿಟ್ಟೆ. ನೆಲದಲ್ಲಿ ಮಲಗಿದವನಿಗೆ ಶೂಗಳು ಮಾತ್ರ ಕಾಣುತ್ತವೆ. ಎರಡು ಜೊತೆ ಅವರದು, ಹೊಸವು. ಆಮೇಲೆ "ಬಂದೆ!" ಅನ್ನೋ ದನಿ, ಅದರ ಹಿಂದೆಯೇ ಪಕ್ಕ ಹರಿದು ದಾರ ಹಾಕಿ ಹೊಲೆದ ಒಂದು ಜೊತೆ. ಪೈಲ್ವಾನ. ಚೆಂಡು ಎತ್ತಿಕೊಂಡವನು ಎಲ್ಲಿಯೂ ತಿರುಗದೆ ಹೋದ. ನಾನು ತಲೆ ಎತ್ತುವಷ್ಟರಲ್ಲಿ ಸುಣ್ಣದ ಗೆರೆಯ ಆಚೆ ಮೂಲೆಯಲ್ಲಿ ಮಲಗಿದ್ದ.

17-17. ಪಕ್ಕದ ಗೆರೆಯ ಹತ್ತಿರದಿಂದ ಒದೆಯಬೇಕು, ಅದೂ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವ ಹೊತ್ತಿಗೆ. ಲೆಕ್ಚರರ್ ಸಾರ್ ಒದ್ದದ್ದು ಕಂಬದ ಹೊರಗೆ ಹೋಯಿತು. ರೆಫ್ರಿ ಎಕ್ಸ್‌ಟ್ರಾ ಟೈಮ್ ಆಡ್ತೀರಾ ಅಂತ ಇಬ್ಬರು ಕ್ಯಾಪ್ಟನ್ನರನ್ನೂ ಕೇಳಿದರು. ಮಂಡ್ಯದ ಕ್ಯಾಪ್ಟನ್ ಗೆರೆಯಾಚೆ ನೋಡಿದ. ಚಿಕ್ಕೋನು ವಾಂತಿ ಮಾಡಿಕೊಳ್ಳುತ್ತಿದ್ದ. "ಸಾಕು ಸಾ, ಕಾರ್ ತತ್ತೀನಿ" ಅಂತ ಓಡಿದ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ರಕ್ತಸ್ರಾವ ಏನೂ ಇಲ್ಲ ಅಂದರು. ಆದರೂ ಸಂಜೆವರೆಗೆ ಇಟ್ಟುಕೊಂಡರು. ಅವನ ಅಮ್ಮನಿಗೆ ಫೋನ್ ಮಾಡಿದವನು ನಾನೇ. "ನೀನೇ ತಾನೇ ಅವನಿಗೆ ಹೇಳಿಕೊಡೋನು ಅಣ್ಣಾ?" ಅಂತ ಆಯಮ್ಮ ಕೇಳಿದರು. ಬೈದು ಕೇಳಲಿಲ್ಲ, ಧೈರ್ಯಕ್ಕೆ ಕೇಳಿದರು. ಹೌದಮ್ಮ ಅಂದೆ. ಗುರುವಾರದ ವಿಷಯ ಅವತ್ತು ಹೇಳೋಕೆ ಬಾಯಿ ಬರಲಿಲ್ಲ. ಎರಡು ದಿನ ಬಿಟ್ಟು ಅವರ ಮನೆಗೆ ಹೋಗಿ ಎದುರು ಕೂತು ಹೇಳಿದೆ.

ಅವತ್ತು ಆಸ್ಪತ್ರೆಯಲ್ಲಿ ಚಿಕ್ಕೋನು ಮಂಚದ ಮೇಲೆ ಮಲಗಿ ಕೇಳುತ್ತಿದ್ದ, "ಅಣ್ಣ, ಸ್ಕೋರ್ ಎಷ್ಟು?"

"17-17."

"ಯಾರ್ ಹೊಡೆದಿದ್ದು?"

"ಪೈಲ್ವಾನ."

ಎರಡು ನಿಮಿಷ ಸುಮ್ಮನಿರುತ್ತಿದ್ದ. ಮತ್ತೆ, "ಅಣ್ಣ, ಸ್ಕೋರ್ ಎಷ್ಟು?" ಹೀಗೆ ಹನ್ನೆರಡು ಹದಿಮೂರು ಸಲ ಆಗಿರಬಹುದು. ಪೆಟ್ಟು ಬಿದ್ದ ಮೇಲೆ ಹೊಸದು ನಿಲ್ಲೋದಿಲ್ಲ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಅಂತ ಡಾಕ್ಟರು ಹೇಳಿದ್ದರು. ಹೇಳಿದ್ದರೂ ಪ್ರತಿ ಸಲ ಕೇಳಿದಾಗ ನನ್ನ ಹೊಟ್ಟೆ ಕಲಸುತ್ತಿತ್ತು. ಗೋಡೆಗೆ ಒರಗಿ ಮಂಡ್ಯದ ಆ ಎತ್ತರದ ಹುಡುಗ ನಿಂತಿದ್ದ, ಸೊಂಟ ತಾಕಿದವನು. ಮನೆಗೆ ಹೋಗಪ್ಪ ಅಂದರೂ ಹೋಗಲಿಲ್ಲ. ನನಗೆ ಉತ್ತರ ಹೇಳೋಕೆ ಆಗದೆ ಇದ್ದಾಗ ಅವನೇ ಮಂಚದ ಹತ್ತಿರ ಬಂದು ಹೇಳತೊಡಗಿದ, "ಹದಿನೇಳು ಹದಿನೇಳು ಕಣಪ್ಪ. ನಿಮ್ ಪೈಲ್ವಾನ ಹೊಡೆದ. ಮಲಿಕೊ." ಮಧ್ಯಾಹ್ನ ಮೂರರ ಹೊತ್ತಿಗೆ ಕ್ಯಾಪ್ಟನ್ ಮನೆಯಿಂದ ಬುತ್ತಿ ಬಂತು. ಮುದ್ದೆ, ಅವರೆಕಾಳು ಸಾರು. ಆಸ್ಪತ್ರೆ ಹಿಂದಿನ ಹೊಂಗೆ ಮರದ ಕೆಳಗೆ ಎರಡೂ ತಂಡದವರು ಸುತ್ತ ಕೂತು ಉಂಡೆವು. ಜಾಸ್ತಿ ಮಾತಿರಲಿಲ್ಲ.

ಸಂಜೆ ಕಾರಿನಲ್ಲೇ ಮೈಸೂರಿಗೆ ಬಿಟ್ಟುಹೋದರು. ಮೊದಲ ರಾತ್ರಿ ಒಬ್ಬನನ್ನೇ ಬಿಡಬೇಡಿ, ತಲೆನೋವು ಜಾಸ್ತಿಯಾದರೆ, ಮತ್ತೆ ವಾಂತಿಯಾದರೆ, ಎಬ್ಬಿಸಿದರೆ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಎರಡು ದಿನ ಮೊಬೈಲ್, ಗಾಡಿ ಎರಡೂ ಬಂದ್. ಕೋಚ್ ಇನ್ನೊಂದು ಸೇರಿಸಿದರು: 21 ದಿನ ಆದಮೇಲೆ, ಅದೂ ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಚೀಲ ಮುಟ್ಟೋದು.

ಮಾರನೇ ಬೆಳಿಗ್ಗೆ ಅವನ ಅಮ್ಮನ ಫೋನಿಂದ ಕರೆ ಬಂತು. ಸ್ಕೋರ್ ಕೇಳಲಿಲ್ಲ.

"ಅಣ್ಣ, ನನ್ನ ಎಡಗಾಲಿನ ಶೂ ಎಲ್ಲಿ?"

ನಮ್ಮ ಯಾರ ಬ್ಯಾಗಿನಲ್ಲೂ ಇರಲಿಲ್ಲ. ಗಾಬರಿಯಲ್ಲಿ ನಾನು ತುರುಕಿದ್ದು ಮಂಡ್ಯದವರ ಬ್ಯಾಗಿಗೆ. ಹತ್ತು ದಿನ ಬಿಟ್ಟು ಮೈಸೂರಿಗೆ ಬರುವ ಯಾರದೋ ಕೈಲಿ ಕಳಿಸಿದರು. ಸ್ಟಡ್ ಸಂದಿಯ ಮಣ್ಣನ್ನೆಲ್ಲ ಕೆರೆದು ತೊಳೆದು, ಆಕಾರ ಕೆಡದಿರಲಿ ಅಂತ ಒಳಗೆ ಪೇಪರ್ ತುಂಬಿ, ದಾರ ಹೊಸದು ಹಾಕಿದ್ದರು. ಜೊತೆಗೆ ಆಲೆಮನೆಯ ನಾಲ್ಕು ಅಚ್ಚು ಬೆಲ್ಲ.

22ನೇ ದಿನ, ಡಾಕ್ಟರ ಚೀಟಿ ತೋರಿಸಿ, ಆ ಶೂ ಹಾಕಿಕೊಂಡು ಚಿಕ್ಕೋನು ಬಂದ. ಚೀಲ ಹಿಡಿದು ನಾನು ನಿಂತೆ. ಓಡೋದಿಲ್ಲ, ಮಂಡಿಯೂರಿ, ಎಡಭುಜ ಮಾತ್ರ. ಮೊದಲನೆಯದು ಸರಿಯಾಯಿತು. ಎರಡು, ಮೂರು, ನಾಲ್ಕು ಸರಿ. ಐದನೆಯದರಲ್ಲಿ ಕೆನ್ನೆ ಎರಡು ಬೆರಳು ಮುಂದೆ ಬಂತು. ಅವನು ಎದ್ದು ನನ್ನ ಮುಖ ನೋಡಿದ. ಕ್ರಿಕೆಟ್‌ನವರು ಸ್ಟಂಪು ಹಿಡಿದು ನಿಂತಿದ್ದರು.

"ತಲೆ ಮುಂದೆ" ಅಂದೆ. "ಇನ್ನೊಂದ್ ಸಲ."